ಪುಟ್ಟಿಗೆ ಹಿಡಿದ ತುಕ್ಕು

ಫೋರ್‌ಮನ್ನರ ಮೂಗಿನ ಎಡಹೊಳ್ಳೆ ಬಲದ್ದಕ್ಕಿಂತ ದೊಡ್ಡದಾಗಿತ್ತು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಲವತ್ತು ವರ್ಷ ಪೆಟ್ರೋಲು, ಗ್ರೀಸು, ಸುಟ್ಟ ಕ್ಲಚ್ಚು ಮೂಸಿ ಮೂಸಿ ಹಾಗಾಗಿದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಯಾರಾದರೂ ಹಳೆಯ ಕಾರು ತೋರಿಸಿದರೆ ಮೊದಲು ಬಾಗಿಲು ತೆಗೆದು, ತಲೆ ಒಳಗೆ ಹಾಕಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದರು. ಆಗ ಯಾರೂ ಮಾತಾಡಕೂಡದು. ಮಾತಾಡಿದರೆ ತಲೆ ಹೊರಗೆ ತೆಗೆದು, "ಹಾಗಾದ್ರೆ ನೀವೇ ಮೂಸಿ" ಎನ್ನುತ್ತಿದ್ದರು.

ಮೈಸೂರಿನವರು. ಹರೆಯದಲ್ಲೇ ಕೀನ್ಯಾಕ್ಕೆ ಬಂದು ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೂ ಊರಿಗೆ ಮರಳದೆ, ಒಂದು ತಗಡಿನ ಶೆಡ್ ಹಾಕಿಕೊಂಡು ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ನಮಗೆಲ್ಲ ಅವರು ಫೋರ್‌ಮನ್ನರು. ಕಂಪನಿ ಪೋಸ್ಟಿಂಗ್ ಮೇಲೆ ಬಂದ ಯಾವ ಕನ್ನಡಿಗನೂ ಅವರು ನೋಡದೆ ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುತ್ತಿರಲಿಲ್ಲ. ಅವರ ಸರಂಜಾಮೆಂದರೆ ಮಲಗಿ ಅಡಿ ನೋಡಲು ಒಂದು ರಟ್ಟಿನ ಹಾಳೆ, ಮತ್ತು ಹೆಂಡತಿಯ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ, ಬಣ್ಣದ ಕೆಳಗೆ ಕಬ್ಬಿಣ ಇದೆಯೋ ಇಲ್ಲವೋ ನೋಡುವ ಒಂದು ಅಯಸ್ಕಾಂತ. ಬಣ್ಣ ಗೀರಬಾರದಲ್ಲ, ಅದಕ್ಕೆ ಸೀರೆ.

ಇನ್ನೊಂದು ನೇಮವಿತ್ತು. ಮಾರುವವನ ಮನೆಯಲ್ಲಿ ಹನಿ ನೀರೂ ಕುಡಿಯುತ್ತಿರಲಿಲ್ಲ. "ಅವ್ರ ಟೀ ಕುಡಿದ್ಮೇಲೆ ನಾಲಿಗೆ ಮೆತ್ತಗಾಗತ್ತೆ ಇಂಜಿನಿಯರ್ರೇ" ಎಂದು ನನಗೊಮ್ಮೆ ಹೇಳಿದ್ದರು. ಕೊಳ್ಳುವವನ ಮನೆಯಲ್ಲಿ ಮಾತ್ರ ಎರಡು ಲೋಟ ಕಾಫಿ ಆಗಲೇಬೇಕು. ಒಂದು ನಾಲಿಗೆಗೆ, ಒಂದು ಹೊಟ್ಟೆಗೆ. ನಾನು ಸೌತ್ ಬಿ ಬಡಾವಣೆಗೆ ಬಂದ ಹೊಸದರಲ್ಲಿ, ನೆರೆಯಲ್ಲಿ ಮುಳುಗಿ ಎದ್ದ ಒಂದು ಕಾರಿಗೆ ಮುಂಗಡ ಕೊಡಲು ಹೊರಟಿದ್ದೆ. ಫೋರ್‌ಮನ್ನರು ಒಂದೇ ಸಲ ಮೂಸಿ, "ಇದ್ರಲ್ಲಿ ಮೀನು ಸಾಕಿದ್ರಾ?" ಎಂದು ಮಾರುವವನನ್ನೇ ಕೇಳಿದ್ದರು. ಅಂದು ನಮ್ಮ ಮನೆಯಲ್ಲಿ ಕುಳಿತು ಎರಡು ಲೋಟ ಕುಡಿದು, ಮೂರನೆಯದನ್ನೂ ಕೇಳಿದರು. ನನ್ನ ಹೆಂಡತಿಗೆ ಆವತ್ತಿನಿಂದ ಅವರೆಂದರೆ ಪ್ರಾಣ.

ಇನ್ನು ಆ ದರಿದ್ರ ಅಮೆರಿಕನ್ ಕಾರಿನ ಸಂಗತಿ.

ನಾನಿದ್ದದ್ದು ಚಾವಣಿ ತಗಡು ಮಾಡುವ ಕಾರ್ಖಾನೆಯಲ್ಲಿ, ಮೆಂಟೆನೆನ್ಸ್ ಇಂಜಿನಿಯರ್ ಆಗಿ. ನಮ್ಮ ಡೈರೆಕ್ಟರ್ ಸಿರಿವಂತರ ಬಡಾವಣೆಯಾದ ರುಂಡಾದಲ್ಲಿ ದೊಡ್ಡ ಬಂಗಲೆ ಇಟ್ಟುಕೊಂಡಿದ್ದ ಆಸಾಮಿ. ಅವನ ಗ್ಯಾರೇಜಿನಲ್ಲಿ ಅರವತ್ತರ ದಶಕದ, ಎರಡೇ ಬಾಗಿಲಿನ, ಮಂಚದಷ್ಟು ಉದ್ದ ಬಾನೆಟ್ಟಿನ ಒಂದು ಅಮೆರಿಕನ್ ಕೂಪೆ ಇತ್ತು. ತಳವೆಲ್ಲ ತುಕ್ಕು ತಿಂದು, ಯಾರೋ ಎಂದೋ ತೂತುಗಳಿಗೆ ಪುಟ್ಟಿ ಎಂಬ ಲೇಪ ಮೆತ್ತಿ, ಮೇಲೆ ಹೊಳೆಯುವ ಕೆಂಪು ಬಣ್ಣ ಬಳಿದಿದ್ದರು. ಹಾಗೆ ರಿಪೇರಿಯಾದ ಕಾರಿಗಿಂತ, ಹುಟ್ಟಿದಾಗಿನಿಂದ ಯಾರೂ ಕೈಹಚ್ಚದ ಕಾರಿಗೆ ಶೋಕಿಯವರು ಹೆಚ್ಚು ಕೊಡುತ್ತಾರೆಂದು ಡೈರೆಕ್ಟರನಿಗೆ ಎಲ್ಲಿಂದಲೋ ತಿಳಿಯಿತು. ಸರಿ, ಹೊಳಪು ತೆಗೆದು ಕಾರನ್ನು ಮುದಿ ಮಾಡುವ ಕೆಲಸ ಶುರುವಾಯಿತು. ಕಾರ್ಖಾನೆಯ ಫುಂಡಿಯನ್ನು, ಅಂದರೆ ನಮ್ಮ ತಗಡಿನ ಮೇಸ್ತ್ರಿಯನ್ನು, ರುಂಡಾಕ್ಕೆ ಕಳಿಸಿದ. ತಗಡು ತೊಳೆಯುವ ಆಸಿಡ್ಡಿನ ಎರಡು ಕ್ಯಾನ್‌ಗಳೂ ಹೋದವು. ಆ ಕ್ಯಾನ್‌ಗಳ ಗೇಟ್ ಪಾಸಿಗೆ ಸಹಿ ಹಾಕಿದವನು ನಾನು. ಯಾಕೆಂದು ಗೊತ್ತಿದ್ದೇ ಹಾಕಿದೆ.

ಕೊಳ್ಳಲು ಬಂದವರು ನೈರೋಬಿಯಲ್ಲೇ ಕೆಲಸದಲ್ಲಿದ್ದ ಬೆಂಗಳೂರಿನ ಒಬ್ಬ ಬ್ಯಾಂಕ್ ಮ್ಯಾನೇಜರ್. ಫೋರ್‌ಮನ್ನರು ನೋಡಿ ಹೂಂ ಅನ್ನುವವರೆಗೆ ತಾವು ಕೊಳ್ಳುವುದಿಲ್ಲ ಎಂದರು ಅವರು. "ನಿಮ್ಮ ಮುದುಕನನ್ನ ಕರ್ಕೊಂಡು ಬಾ, ನಿನ್ನ ಮಾತು ಕೇಳ್ತಾನಲ್ಲ" ಎಂದು ಡೈರೆಕ್ಟರ್ ನನಗೆ ಹೇಳಿದ. ನನ್ನ ವರ್ಕ್ ಪರ್ಮಿಟ್ಟಿನ ನವೀಕರಣ ಅವನ ಮೇಜಿನ ಮೇಲಿತ್ತು. ಕರೆದುಕೊಂಡು ಹೋದೆ.

ರುಂಡಾದ ಹುಲ್ಲುಹಾಸಿನ ಮೇಲೆ ಕಾರು ನಿಂತಿತ್ತು. ಕಜ್ಜಿ ಹತ್ತಿದ ನಾಯಿಯ ಹಾಗೆ ಮೈಯೆಲ್ಲ ಕಂದು ಕಲೆ. ಸೀಟಿನ ಹರಿದ ಜಾಗವೂ ಬ್ಲೇಡಿನಲ್ಲಿ ಕುಯ್ದದ್ದು. "ಒಬ್ಬರೇ ಓಡಿಸಿದ್ದು, ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ" ಎಂದು ಡೈರೆಕ್ಟರ್ ಇಂಗ್ಲಿಷಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಜ್ಯೂಸ್ ಬಂತು. ಫೋರ್‌ಮನ್ನರು ಕೈಯಾಡಿಸಿ ಬೇಡವೆಂದರು. ರಟ್ಟು ಹಾಸಿ ಅಡಿಗೆ ಹೋದರು. ಬಹಳ ಹೊತ್ತು ಅವರ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಎದ್ದು ಬಂದು ತಲೆ ಒಳಗೆ ಹಾಕಿ ಮೂಸಿದರು. ಆಮೇಲೆ ಬಾಗಿಲ ಕೆಳಭಾಗದ ದೊಡ್ಡ ತುಕ್ಕಿನ ಕಲೆಗೆ ಅಯಸ್ಕಾಂತ ಒತ್ತಿ ಕೈಬಿಟ್ಟರು. ಅದು ಸೀರೆಯ ಸಮೇತ ಹುಲ್ಲಿಗೆ ಬಿತ್ತು.

ಇನ್ನೊಂದು ಕಲೆಗೆ ಒತ್ತಿದರು. ಅಲ್ಲೂ ಬಿತ್ತು.

"ಮ್ಯಾನೇಜರ್ರೇ, ಇಲ್ಬನ್ನಿ" ಎಂದರು. "ತುಕ್ಕು ಕಬ್ಬಿಣಕ್ಕೆ ಹಿಡಿಯತ್ತೆ, ಅದು ನಂಗೊತ್ತು. ಪುಟ್ಟಿಗೆ ತುಕ್ಕು ಹಿಡಿದಿದ್ದನ್ನ ಈ ವಯಸ್ಸಲ್ಲಿ ಇವತ್ತು ನೋಡ್ದೆ. ಬಣ್ಣ ಕಣ್ರೀ ಇದು, ಕಂದು ಬಣ್ಣ. ಕಬ್ಬಿಣ ಇದ್ದ ಕಡೆ ಆಸಿಡ್ ಹಾಕಿದಾರೆ. ಥೂ! ಹಳೇ ಗಾಡಿಗೆ ಹೊಸ ವೇಷ ಹಾಕೋರನ್ನ ಕಂಡಿದ್ದೆ. ಮುದುಕೀಗೆ ಹುಣ್ಣು ಬರೆಯೋರನ್ನ ಕಂಡಿರ್ಲಿಲ್ಲ."

ಹುಲ್ಲಿನ ಮೇಲೆ ಉಗಿದರು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು: "ಈ ವಾಸನೆ ನಿಮ್ಮ ಅಂಗಿ ಮೇಲೂ ಇರತ್ತಲ್ಲ ಇಂಜಿನಿಯರ್ರೇ. ಎಲ್ಲಿಂದ ಬಂತು ಈ ಆಸಿಡ್ಡು?"

ನಾನು ಹುಲ್ಲು ನೋಡಿದೆ. ಡೈರೆಕ್ಟರ್ ಮುಖ ಕೆಂಪಗೆ ಮಾಡಿಕೊಂಡು, ತನಗೇನೂ ತಿಳಿಯದೆಂದೂ ಎಲ್ಲ ಆ ಫುಂಡಿಯ ಕಿತಾಪತಿಯೆಂದೂ ಕೂಗಾಡಿದ. ಮ್ಯಾನೇಜರ್ ಕಾರು ಬೇಡವೆಂದು ಹೊರಟುಹೋದರು. ಸೋಮವಾರ ಫುಂಡಿಯನ್ನು ಸ್ಟೋರಿನಿಂದ ಆಸಿಡ್ ಕದ್ದ ಆರೋಪದ ಮೇಲೆ ಕೆಲಸದಿಂದ ತೆಗೆದರು. ಗೇಟ್ ಪಾಸಿನ ಪುಸ್ತಕ ನನ್ನದೇ ಡ್ರಾಯರಿನಲ್ಲಿತ್ತು. ತೆಗೆದು ತೋರಿಸಿದ್ದರೆ ಅರ್ಧ ನಿಮಿಷದ ಕೆಲಸ. ಗೇಟಿನ ಬಳಿ ಅವನು ನನ್ನನ್ನು ನೋಡುತ್ತ ನಿಂತ. "ಪೋಲೆ ಸಾನಾ", ತುಂಬಾ ಬೇಜಾರಾಯ್ತು, ಎಂದು ಸ್ವಾಹಿಲಿಯಲ್ಲಿ ಮರುಗಿ ಒಳಗೆ ನಡೆದೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಆ ಭಾನುವಾರ ಫೋರ್‌ಮನ್ನರು ನಮ್ಮ ಮನೆಗೆ ಬಂದರು. ಫುಂಡಿ ಅವರ ಶೆಡ್ಡಿಗೆ ಹೋಗಿ ಎಲ್ಲವನ್ನೂ ಹೇಳಿದ್ದ. ನನ್ನ ಹೆಂಡತಿ ಎಂದಿನಂತೆ ಎರಡು ಲೋಟ ಕಾಫಿ ತಂದಿಟ್ಟಳು. ಅವರು ಮುಟ್ಟಲಿಲ್ಲ.

"ಆರೋಗತ್ತೆ ಸಾರ್, ತಗೊಳ್ಳಿ" ಎಂದಳು ಅವಳು.

"ಮಾರೋರ ಮನೇಲಿ ನಾನು ಕುಡಿಯಲ್ಲ ಕಣಮ್ಮ."

"ನಾವೇನು ಮಾರ್ತಿದೀವಿ ಸಾರ್?" ಎಂದೆ ನಾನು, ನಗಲು ನೋಡುತ್ತ.

"ಮೂರು ಮಕ್ಕಳಿರೋ ಮನುಷ್ಯನ್ನ ಮಾರಿದ್ರಲ್ಲ. ಸಹಿ ನಿಮ್ಮದು ತಾನೇ?" ನಾನು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಹೋಗಿ ಹೇಳಿದ್ರೆ ಚಾಡಿ ಆಗತ್ತೆ. ನೀವು ಹೇಳಿದ್ರೆ ಅವನಿಗಂಟಿದ ಕಳ್ಳ ಅನ್ನೋ ಹೆಸ್ರು ಹೋಗತ್ತೆ. ಹೇಳಿದ ದಿನ ಫೋನ್ ಮಾಡಿ, ಬಂದು ಎರಡು ಲೋಟನೂ ಕುಡೀತೀನಿ" ಎಂದು ಎದ್ದರು. ಅವರು ಹೋದ ಮೇಲೆ ನನ್ನ ಹೆಂಡತಿ ಆ ಕಾಫಿಯನ್ನು ಸಿಂಕಿಗೆ ಸುರಿದಳು.

ಪರ್ಮಿಟ್ ಆಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಪರ್ಮಿಟ್ ಆಯಿತು. ಮಗಳ ಶಾಲೆಯ ವರ್ಷ ಮುಗಿಯಲಿ ಎಂದುಕೊಂಡೆ. ಅದೂ ಮುಗಿಯಿತು. ಹೇಡಿಗೆ ನೆಪಗಳಿಗೇನು ಬರ. ಫುಂಡಿಯನ್ನು ಕಳ್ಳನೆಂದು ಯಾವ ಕಾರ್ಖಾನೆಯೂ ಸೇರಿಸಿಕೊಳ್ಳಲಿಲ್ಲ. ಫೋರ್‌ಮನ್ನರು ತಮ್ಮ ಶೆಡ್ಡಿನಲ್ಲೇ ಅವನಿಗೆ ಕೆಲಸ ಕೊಟ್ಟರು. ಇಬ್ಬರಿಗೆ ಸಾಲುವಷ್ಟು ಕೆಲಸ ಅಲ್ಲಿರಲಿಲ್ಲ. ನಮ್ಮ ಯುಗಾದಿಗೆ, ಗಣೇಶನ ಹಬ್ಬಕ್ಕೆ ಕರೆದರೆ ಫೋರ್‌ಮನ್ನರು ತಪ್ಪದೆ ಬರುತ್ತಿದ್ದರು. ನನ್ನ ಮಗಳನ್ನು ಕನ್ನಡದಲ್ಲಿ ರೇಗಿಸುತ್ತಿದ್ದರು, ಅವಳು ಇಂಗ್ಲಿಷಿನಲ್ಲಿ ತಿರುಗಿಸಿ ಕೊಡುತ್ತಿದ್ದಳು. ಎಲ್ಲ ಮೊದಲಿನಂತೆಯೇ. ಆದರೆ ಬರುವಾಗ ತಮ್ಮ ನೀರಿನ ಬಾಟಲಿಯನ್ನು ತಾವೇ ತರುತ್ತಿದ್ದರು.

ಎರಡು ವರ್ಷ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಯಾರದೋ ಕಾರಿನ ಅಡಿಯಲ್ಲಿ, ರಟ್ಟಿನ ಮೇಲೆ ಮಲಗಿದ್ದಂತೆಯೇ ಅವರ ಎದೆಬಡಿತ ನಿಂತಿತು. ಅವರಿನ್ನೂ ಗಾಡಿ ನೋಡುತ್ತಿದ್ದಾರೆಂದೇ ಗಿರಾಕಿಗಳು ತಿಳಿದಿದ್ದರಂತೆ. ಪಾದ ಅಲುಗದ್ದನ್ನು ಗಮನಿಸಿದವನು ಫುಂಡಿ.

ಮೈಸೂರಿನಿಂದ ಅವರ ಅಣ್ಣನ ಮಗ ಬಂದಿದ್ದ. ಚಿತಾಗಾರದಲ್ಲಿ ಒಬ್ಬೊಬ್ಬರಾಗಿ ಹೋಗಿ ಬಾಯಿಗೆ ತುಳಸಿ ನೀರು ಬಿಡುತ್ತಿದ್ದೆವು. ಚೊಂಬು ಹಿಡಿದು ತಲೆಯ ಬಳಿ ನಿಂತಿದ್ದವನು ಫುಂಡಿ. ಕೊನೆಯವರೆಗೆ ಜೊತೆಗಿದ್ದವನು ಇವನೇ, ಇವನೇ ಹಿಡಿಯಲಿ ಎಂದು ಅಣ್ಣನ ಮಗ ಹೇಳಿದ್ದನಂತೆ. ನನ್ನ ಸರದಿ ಬಂತು. "ಕರಿಬು, ಬನ್ನಿ ಬಾಸ್" ಎಂದು ಫುಂಡಿ ಉದ್ಧರಣೆಯನ್ನು ನನ್ನ ಕೈಗೆ ಕೊಟ್ಟ. ಇವರ ಬಾಯಿಗೆ ನೀರು ಬಿಡಲು ನನಗೇನು ಯೋಗ್ಯತೆ?

"ಆ ಪಾಸಿಗೆ ಸಹಿ ಹಾಕಿದ್ದು ನಾನು. ನೀನು ಕದ್ದಿರಲಿಲ್ಲ" ಎಂದೆ. ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ, ಮೊದಲು ಸ್ವಾಹಿಲಿಯಲ್ಲಿ, ಆಮೇಲೆ ಕನ್ನಡದಲ್ಲಿ. ಸಾಲಿನಲ್ಲಿದ್ದ ಬ್ಯಾಂಕ್ ಮ್ಯಾನೇಜರ್ ಮುಖ ತಿರುಗಿಸಿದರು.

ಫುಂಡಿಗೆ ಆಶ್ಚರ್ಯವೇನೂ ಆಗಲಿಲ್ಲ. "ನೀವು ಹೇಳುತ್ತೀರೆಂದು ಗೊತ್ತಿತ್ತು ಬಾಸ್" ಎಂದ. "ಮುದುಕರು ಮೊದಲ ದಿನವೇ ಹೇಳಿದ್ದರು. ಇಂಜಿನಿಯರ್ರೇ ಬಂದು ಹೇಳುತ್ತಾರೆ, ಒಳ್ಳೆ ಕಬ್ಬಿಣ ಅದು, ನೀನು ಸ್ವಲ್ಪ ಕಾಯಿ ಅಂದಿದ್ದರು."

ನಾನು ಬಗ್ಗಿ ಉದ್ಧರಣೆಯ ನೀರನ್ನು ಅವರ ಬಾಯಿಗೆ ಬಿಟ್ಟೆ. ನೀರು ಒಳಗೆ ಹೋಗಲಿಲ್ಲ. ತುಟಿಯ ಅಂಚಿನಿಂದ ಇಳಿದು ಕತ್ತಿನವರೆಗೆ ಹರಿಯಿತು. ಫುಂಡಿ ಚೊಂಬನ್ನು ಕೆಳಗಿಟ್ಟು, ತನ್ನ ಕರವಸ್ತ್ರದಿಂದ ಅದನ್ನು ಒರೆಸಿದ.