ಅಕ್ಕನ ಗಾದಿ ಅಂಗಡಿಗೆ ನಾನು ಮಾಡಿದ ವೆಬ್‌ಸೈಟು

ದಾವಣಗೆರೆಯ ಒಂದು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಹಕಾರ ನುಂಗುವವರಿಂದ ಹಕಾರ ಕಕ್ಕಿಸುವುದು, ದಕಾರಕ್ಕೂ ಡಕಾರಕ್ಕೂ ಇರುವ ಅಂತರ ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವುದು ನನ್ನ ಉದ್ಯೋಗ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹರಿಹರದಲ್ಲಿ ಅಕ್ಕನದು ಗಾದಿ ಅಂಗಡಿ. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಮಷಿನ್ನಿನಲ್ಲಿ ಹಿಂಜಿ, ಹೊಸ ಬಟ್ಟೆ ಹಾಕಿ ಹೊಲಿದು ಕೊಡುತ್ತಾಳೆ. ಬಾವ ತೀರಿಕೊಂಡ ಮೇಲೆ ಅವಳ ಸಂಸಾರ ಸಾಗಿದ್ದು ಆ ಮಷಿನ್ನಿನಿಂದ. ಈಗ ಎಲ್ಲರಿಗೂ ಫೋಮ್ ಬೇಕು. ಫೋಮ್ ಮಾರುವ ಏಜೆಂಟನೊಬ್ಬ, ಮಷಿನ್ ತೆಗೆದು ಆ ಜಾಗದಲ್ಲಿ ನಮ್ಮ ಮಾಲು ಇಡ್ರಿ ಎಂದು ಅವಳಿಗೆ ಗಂಟುಬಿದ್ದಿದ್ದ.

"ದೀಪಾವಳಿತನಕ ನೋಡ್ತೀನಿ ತಮ್ಮ. ಕೆಲಸ ಬರ್ಲಿಲ್ಲ ಅಂದ್ರೆ ಮಷಿನ್ ಕೊಟ್ಟು, ಮಂದಿ ಗಾದಿ ಮಾರ್ಕೊಂತ ಕೂಡ್ತೀನಿ" ಎಂದಳು ಅಕ್ಕ. ನಗುತ್ತಲೇ ಅಂದಳು. ನನಗೆ ಸಂಕಟವಾಯಿತು. "ನಾನಿದೀನಿ ಬಿಡು, ವೆಬ್‌ಸೈಟ್ ಮಾಡ್ತೀನಿ" ಅಂದುಬಿಟ್ಟೆ. ವೆಬ್‌ಸೈಟ್ ಎಂದರೆ ಏನೆಂದು ಅವಳಿಗಿಂತ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ.

ವೆಬ್‌ಸೈಟಿನಲ್ಲಿ ನಾವೇ ಬರೆದು, ನಾವೇ ತಿದ್ದಿಕೊಳ್ಳಲು ಒಂದು ವ್ಯವಸ್ಥೆ ಬೇಕು, ಅದಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎನ್ನುತ್ತಾರೆ ಎಂದು ವಿಡಿಯೋ ನೋಡಿ ಕಲಿತೆ. ನೆಟ್‌ನಲ್ಲಿ ಹುಡುಕುವವರಿಗೆ ಅಂಗಡಿ ಬೇಗ ಸಿಗಬೇಕಾದರೆ ಒಳ್ಳೆಯ ಸಿಸ್ಟಮ್ಮನ್ನೇ ಆರಿಸಬೇಕಂತೆ. ಸರಿ, ಮಗಳಿಗೆ ಗಂಡು ನೋಡುವವರಂತೆ ಒಂದೊಂದನ್ನೇ ನೋಡುತ್ತಾ ಕೂತೆ. ಒಂದು ಬಲು ಚೆಂದ, ಆದರೆ ಫೋನಿನಲ್ಲಿ ತೆರೆಯುವಷ್ಟರಲ್ಲಿ ಗಿರಾಕಿಗೆ ನಿದ್ದೆ ಬರುತ್ತದೆ, ಗಾದಿ ಬೇಕೇ ಆಗುವುದಿಲ್ಲ. ಇನ್ನೊಂದರಲ್ಲಿ ಪುಟದ ವಿಳಾಸವನ್ನು ನಮಗೆ ಬೇಕಾದಂತೆ ಬರೆಯಲು ಬಿಡುವುದಿಲ್ಲ. ಮತ್ತೊಂದು ಹುಡುಕಾಟಕ್ಕೆ ಬೇರೆಯೇ ಶೀರ್ಷಿಕೆ ಕೊಡಲು ಬಿಡುತ್ತಿತ್ತು, ಹಳೆಯ ಬರಹವನ್ನೆಲ್ಲ ಕಾದಿಡುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಾವು ಬರೆದದ್ದು ಹುಡುಕಾಟಕ್ಕೆ ತಕ್ಕಂತಿದ್ದರೆ ಮೂಲೆಯಲ್ಲಿ ಹಸಿರು ದೀಪ ತೋರಿಸುತ್ತಿತ್ತು. ಜೀವಮಾನವೆಲ್ಲ ಬೇರೆಯವರಿಗೆ ಮಾರ್ಕ್ಸ್ ಕೊಟ್ಟವನಿಗೆ ಯಾರೋ ಮಾರ್ಕ್ಸ್ ಕೊಡುತ್ತಾರೆಂದರೆ ಆಸೆ. ಅದನ್ನೇ ಆರಿಸಿದೆ.

ಮೊದಲ ಪುಟಕ್ಕೆ ನಾನು ಕೊಟ್ಟ ಶೀರ್ಷಿಕೆ: 'ಅರಳೆಯ ಹಾಸಿಗೆಗಳ ಪುನರ್ನವೀಕರಣ ಕೇಂದ್ರ'. ಪುನರ್ನವೀಕರಣ ಎಂಬ ಮಾತನ್ನು ಪುಟದ ತುಂಬ ಬಿತ್ತಿದೆ. ಹಸಿರು ದೀಪ ಹತ್ತಿತು. ಫೋನು ಮಾತ್ರ ಒಂದೂ ಬರಲಿಲ್ಲ.

ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ತೋರಿಸಿದಾಗ, ಕಂಪ್ಯೂಟರ್ ಪಾಠ ಮಾಡುವ ಮೇಡಂ ನಗು ತಡೆಯಲಾರದೆ, "ಸಾರ್, ಗಾದಿನ ಯಾರ್ರೀ ಹಂಗೆ ಹುಡುಕ್ತಾರೆ? ಮಂದಿ ಮಾತಾಡ್ದಂಗೆ ಟೈಪ್ ಹೊಡಿತಾರೆ, ಅದೂ ಇಂಗ್ಲಿಷ್ ಅಕ್ಷರದಾಗ" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಜನರ ಕನ್ನಡವೇ ಡೊಂಕು ಎಂದು ಗೊಣಗಿದೆ. ಆದರೂ ಅಕ್ಕನ ಮಷಿನ್ ಕಣ್ಣ ಮುಂದೆ ಬಂದು, 'ಹಳೆ ಗಾದಿ ರಿಪೇರಿ ಹರಿಹರ' ಎಂದು ಶೀರ್ಷಿಕೆಯನ್ನೂ ಪುಟದ ವಿಳಾಸವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಮತ್ತೆ ಹಸಿರು ದೀಪ.

ಈ ಸಲ ಫೋನುಗಳು ಬಂದವು. ನಾನು ಅಂಗಡಿಯಲ್ಲಿದ್ದಾಗಲೇ ಒಂದು ಬಂತು. ಅಕ್ಕ ಸ್ಪೀಕರ್ ಹಾಕಿದಳು.

"ಅಕ್ಕಾರೆ, ಕಡರನಾಯಕನಹಳ್ಳಿ ಹತ್ರ ಗಾಡಿ ಕೆಟ್ಟು ನಿಂತೈತೆ. ಜಲ್ದಿ ಯಾರನ್ನಾರ ಕಳಿಸ್ರಿ."

ಇಂಗ್ಲಿಷ್ ಅಕ್ಷರಗಳಲ್ಲಿ ಗಾದಿಯೂ ಒಂದೇ, ಗಾಡಿಯೂ ಒಂದೇ. ದಕಾರ ಡಕಾರಗಳ ಪಂಡಿತ ತನ್ನ ಅಕ್ಕನ ಅಂಗಡಿಯನ್ನು ಗ್ಯಾರೇಜು ಮಾಡಿಟ್ಟಿದ್ದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನಲ್ಲಾ ಎಂದು ನಾಚಿಕೆಯಾಗಿ, ಅಕ್ಕ ಅವನಿಗೆ ಏನು ಹೇಳಿದಳೆಂದೂ ಕೇಳಿಸಿಕೊಳ್ಳದೆ ದಾವಣಗೆರೆ ಬಸ್ಸು ಹತ್ತಿದೆ. ಮನೆಗೆ ಬಂದವನೇ ಗಾದಿ ಎಂಬ ಮಾತನ್ನೇ ಕಿತ್ತು, 'ಕಾಟನ್ ಬೆಡ್' ಎಂದು ಬರೆದೆ. ಹಸಿರು ದೀಪ ಅದಕ್ಕೂ ಹತ್ತಿತು. ಅದು ಯಾವುದಕ್ಕೆ ಹತ್ತುವುದಿಲ್ಲವೋ ದೇವರಿಗೇ ಗೊತ್ತು.

ದೀಪಾವಳಿ ಹತ್ತಿರ ಬಂತು. ಒಂದು ದಿನ ಅಕ್ಕನೇ ಫೋನ್ ಮಾಡಿದಳು.

"ಯಾಕೋ ಫೋನೇ ಬರ್ತಿಲ್ಲಲ್ಲೋ?"

"ತಪ್ಪಿತ್ತಕ್ಕ. ಸರಿ ಮಾಡೀನಿ" ಎಂದೆ.

"ಯಾರು ಹೇಳಿದ್ರು ನಿನಗ ಸರಿ ಮಾಡು ಅಂತ?" ಅಕ್ಕ ಹೀಗೆ ಗದರಿ ಎಷ್ಟೋ ವರ್ಷವಾಗಿತ್ತು. "ಗಾಡಿ ಕೆಟ್ಟು ನಿಂತೋರಿಗೆ ಪಕ್ಕದ ಗ್ಯಾರೇಜಿನೋರ ನಂಬರ್ ಕೊಡ್ತಿದ್ದೆ. ಗಾಡಿ ಇಲ್ಲಪ್ಪ, ನಮ್ದು ಗಾದಿ ಐತೆ, ಮನ್ಯಾಗ ಹಳೇವು ಅದಾವೇನು ಅಂತ ಕೇಳ್ತಿದ್ದೆ. ಯಾರ ಮನ್ಯಾಗ ಇರಲ್ಲ ಹೇಳು? ಅವತ್ತು ನಿನ್ನ ಮುಂದೆ ಫೋನ್ ಮಾಡಿದ್ನಲ್ಲ, ಕೊಕ್ಕನೂರಿನೋನು, ಅದೇ ಗಾಡಿ ಮ್ಯಾಲೆ ಮನೆ ಗಾದಿ ಎಲ್ಲಾ ಹೇರ್ಕೊಂಡು ಬಂದ. ಮೊದ್ಲು ಹೆಂಗಿತ್ತೋ ಹಂಗೇ ಇಡು. ಏಜೆಂಟ್ ಬರೋ ವಾರ ಮಷಿನ್ ನೋಡಾಕ ಬರ್ತೀನಿ ಅಂದಾನ. ಏನು ಹೇಳ್ಲಿ?"

ಅಕ್ಕನಿಗೆ ಸಿಕ್ಕ ಗಿರಾಕಿಗಳನ್ನು ನನ್ನ ಮರ್ಯಾದೆ ಉಳಿಸಿಕೊಳ್ಳಲು ನಾನೇ ಓಡಿಸಿದ್ದೆ. ತಕ್ಷಣ ಸಿಸ್ಟಮ್ಮಿನಲ್ಲಿ ಹಳೆಯ ಬರಹ ಹುಡುಕಿ, ಗುಂಡಿ ಒತ್ತಿ, ಆ ತಪ್ಪನ್ನು ಇದ್ದಂತೆಯೇ ವಾಪಸು ತಂದೆ. ಅಷ್ಟು ದಿನ ನೋಡಿ ಆರಿಸಿದ ಸಿಸ್ಟಮ್ಮು ನಿಜವಾಗಿ ಕೆಲಸಕ್ಕೆ ಬಂದದ್ದು ಅವತ್ತೊಂದು ಸಲ.

ಫೋನುಗಳು ಮತ್ತೆ ಶುರುವಾದವು. ಮುಂದಿನ ವಾರ ಏಜೆಂಟ್ ಬಂದಾಗ, ಕೆಟ್ಟ ಗಾಡಿಯವರು ತಂದ ಗಾದಿಗಳನ್ನು ದಾಟಿ ಮಷಿನ್ನಿನ ಹತ್ತಿರ ಹೋಗಲು ಅವನಿಗೆ ದಾರಿಯೇ ಇರಲಿಲ್ಲವಂತೆ. "ಕೊಡಂಗಿಲ್ಲ ಹೋಗ್ರಿ" ಎಂದು ಅಕ್ಕ ಕಳಿಸಿದ್ದಳು.

ಹಬ್ಬಕ್ಕೆ ಹರಿಹರಕ್ಕೆ ಹೋದೆ. ಅಕ್ಕ ಮಷಿನ್ ನಿಲ್ಲಿಸಿ, ತಲೆಗೂದಲಿಗೆ ಹತ್ತಿದ ಅರಳೆ ಕೊಡವಿಕೊಳ್ಳುತ್ತಾ ಎದ್ದು ಬಂದಳು.

"ಬಾ ತಮ್ಮ, ಕೂಡು. ಹೋಳಿಗೆ ಮಾಡೀನಿ, ಹೊಟ್ಟೆ ತುಂಬ ಉಣ್ಣು" ಎಂದಳು. "ವೆಬ್‌ಸೈಟಿಗೆ ಮಾತ್ರ ಕೈ ಹಚ್ಚಬ್ಯಾಡ."