ಉಡಿಗೆ ಹಾಕಿದ ದಿನ

ನಮ್ಮ ಮನೆಯಲ್ಲಿ ಹೊಡೆತಕ್ಕೆ ಕಾರಣ ಬೇಕಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ, ಕಡಿಮೆಯಾದರೆ ಹೊಡೆತ, ಸರಿಯಾಗಿದ್ದರೆ ‘ಇವತ್ತ ಯಾರ ಸಲುವಾಗಿ ಇಷ್ಟ ರುಚಿ ಮಾಡಿ?’ ಎಂದು ಹೊಡೆತ. ಅಪ್ಪ ಲಕ್ಷ್ಮೇಶ್ವರದ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಚೀಲಕ್ಕೆ ಚುಚ್ಚಿ ಎತ್ತುವ ಕಬ್ಬಿಣದ ಕೊಕ್ಕೆಯನ್ನು ಸಂಜೆ ಮನೆಗೆ ತಂದು ಗೂಟಕ್ಕೆ ತೂಗುಹಾಕುತ್ತಿದ್ದ. ಅದು ಗೂಟದಲ್ಲಿದ್ದರೆ ನಾವು ನೆಮ್ಮದಿಯಿಂದ ಉಣ್ಣುತ್ತಿದ್ದೆವು. ಕೈಯಲ್ಲಿದ್ದರೆ ಅವ್ವ ನನ್ನನ್ನು ಹಿತ್ತಲಿಗೆ ದೂಡಿ ಬಾಗಿಲಿಗೆ ತಾನು ಅಡ್ಡ ನಿಲ್ಲುತ್ತಿದ್ದಳು. ಅವಳ ಎಡತೋಳಿನಲ್ಲಿ ಆ ಕೊಕ್ಕೆ ಎಳೆದ ಉದ್ದನೆಯ ಕಲೆ ಇತ್ತು. ಕೇಳಿದವರಿಗೆ ಎಮ್ಮೆ ಹಾಯ್ದದ್ದು ಎನ್ನುತ್ತಿದ್ದಳು. ನಮ್ಮಲ್ಲಿ ಎಮ್ಮೆಯೇ ಇರಲಿಲ್ಲ.

ಇಂಥ ಮನೆಯಿಂದ ನನ್ನನ್ನು ದೂರ ಇಟ್ಟದ್ದು ಬೆಟಗೇರಿಯ ಒಂದು ಮಿಷನ್ ಹಾಸ್ಟೆಲ್ಲು. ಪರದೇಶದ ಒಬ್ಬ ಹೆಂಗಸು ನನ್ನ ಊಟ, ಬಟ್ಟೆ, ಓದಿನ ಹೊಣೆ ಹೊತ್ತಿದ್ದಳು. ಅವಳ ಮುಖ ನಾನು ನೋಡಿರಲಿಲ್ಲ. ಅವಳ ಹತ್ತಿರ ನನ್ನ ಆರನೆಯ ವರ್ಷದ ಒಂದು ಫೋಟೋ ಇತ್ತಂತೆ. ನನಗೆ ಹನ್ನೆರಡು ತುಂಬಿದ ವರ್ಷ, ದಸರಾ ರಜೆಗೆ ಶಿರಹಟ್ಟಿ ಹತ್ತಿರದ ನಮ್ಮೂರಿಗೆ ಬಂದಾಗ, ಅಪ್ಪ ತನ್ನ ಅಕ್ಕನ ಮಗನಿಗೆ ನನ್ನನ್ನು ಕೊಡುವ ಮಾತು ಮುಗಿಸಿ ಕೂತಿದ್ದ. ‘ಶಾಲಿ ಇನ್ನ ಸಾಕು. ರಜಾ ಮುಗದ ಮ್ಯಾಲೆ ಈಕಿ ಎಲ್ಲೂ ಹೋಗಂಗಿಲ್ಲ’ ಎಂದ. ಆ ಗಂಡು ಅಪ್ಪನ ಜೊತೆಗೇ ಚೀಲ ಹೊರುತ್ತಿದ್ದ. ಅವನ ಸೊಂಟದಲ್ಲೂ ಒಂದು ಕೊಕ್ಕೆ ಇರುತ್ತಿತ್ತು. ನಾನು ಮೂರು ದಿನ ಅನ್ನ ಬಿಟ್ಟೆ. ನಾಲ್ಕನೆಯ ದಿನ ಅಪ್ಪ ತುತ್ತನ್ನು ಬಾಯಿಗೆ ತುರುಕಿ ಮೇಲೆ ಗುದ್ದಿದ.

ಅದೇ ರಜೆಯಲ್ಲಿ ಆ ಹೆಂಗಸು ತನ್ನ ಚರ್ಚಿನ ತಂಡದೊಂದಿಗೆ ಬಂದಳು. ಉಳಿದವರು ಬೆಟಗೇರಿಯಲ್ಲಿ ಹಾಸ್ಟೆಲ್ಲಿನ ಗೋಡೆಗೆ ಬಣ್ಣ ಹಚ್ಚುತ್ತಿದ್ದರು. ಹಿಂದಿನ ವರ್ಷ ಇನ್ನೊಂದು ತಂಡ ಬಣ್ಣ ಹಚ್ಚಿ ಹೋಗಿದ್ದ ಗೋಡೆಗೇ ಇವರೂ ಹಚ್ಚಿದರು. ಗೋಡೆಯೇನು ಬೇಡ ಎನ್ನುವುದಿಲ್ಲವಲ್ಲ. ಇವಳು ಮಾತ್ರ ‘ನನ್ನ ಹುಡುಗಿಯನ್ನು ಅವಳ ಮನೆಯಲ್ಲೇ ನೋಡಬೇಕು’ ಎಂದು ಹಟ ಹಿಡಿದು, ಹಾಸ್ಟೆಲ್ಲಿನ ಅಕ್ಕೋರನ್ನು ಮಾತು ತಿಳಿಸಲಿಕ್ಕೆ ಕರೆದುಕೊಂಡು, ಕ್ರೂಸರ್ ಗಾಡಿಯಲ್ಲಿ ನಮ್ಮ ಓಣಿಗೆ ಬಂದಿಳಿದಳು. ಗದಗದಲ್ಲಿ ಕೊಂಡ ಹಳದಿ ಚೂಡಿದಾರ, ಬಿಸಿಲಿಗೆ ಕೆಂಪಾದ ಮೂಗು. ನನ್ನನ್ನು ನೋಡಿದವಳೇ ಗೊಳೋ ಎಂದು ಅತ್ತಳು. ನಮ್ಮಲ್ಲಿ ಹಾಗೆ ಅಳುವುದು ಹೆಣದ ಮುಂದೆ. ಓಣಿಯವರೆಲ್ಲ ಗಾಬರಿಯಾಗಿ ಓಡಿಬಂದರು. ಊರ ಹಿರಿಯರೂ ನಾಲ್ಕು ಜನ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು.

‘ಅವ್ರಿಗೆ ಮಕ್ಕಳು ಎಷ್ಟ್ರಿ, ಅಕ್ಕೋರ?’ ಎಂದು ಅವ್ವ ಕೇಳಿದಳು.

ಅಕ್ಕೋರು ಕೇಳಿ ಹೇಳಿದರು, ‘ಒಂದೂ ಆಗಿಲ್ಲಂತವಾ.’

ಅವ್ವ ಲೊಚಗುಟ್ಟಿ ಒಳಗೆ ಹೋದಳು. ಮುತ್ತೈದೆ ಮನೆಗೆ ಬಂದರೆ ಬರಿಗೈಯಲ್ಲಿ ಕಳಿಸುವುದು ನಮ್ಮಲ್ಲಿಲ್ಲ. ತನ್ನ ತವರಿನವರು ಕೊಟ್ಟು, ತಾನು ಹೊಲಿಸದೆ ಇಟ್ಟುಕೊಂಡಿದ್ದ ಖಣ, ಒಂದು ತೆಂಗಿನಕಾಯಿ, ಮೊರದಲ್ಲಿ ಅಕ್ಕಿ ತಂದಳು. ಚೂಡಿದಾರದ ಓಢಣಿಯನ್ನು ಮಡಿಲಿಗೆ ಹೇಗೆ ಚಾಚಬೇಕೆಂದು ಅಕ್ಕೋರು ತೋರಿಸಿಕೊಟ್ಟರು. ಅವ್ವ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಆ ಹೆಂಗಸು ಮತ್ತೆ ಅತ್ತಳು. ಅಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆಮೇಲೆ ಡ್ರೈವರನ ಕೈಗೆ ಮೊಬೈಲು ಕೊಟ್ಟು, ಫೋಟೋ ತೆಗೆ ಎಂದು ಸನ್ನೆ ಮಾಡಿ, ಆರು ವರ್ಷದ ಕೂಸೆಂದೇ ತಿಳಿದವಳಂತೆ ನನ್ನನ್ನು ಗಬಕ್ಕನೆ ಎಳೆದು ತುಂಬಿದ ಉಡಿಯ ಮೇಲೆ ಕೂಡಿಸಿಕೊಂಡಳು.

ಕಟ್ಟೆಯ ಮೇಲಿದ್ದ ಹಿರಿಯರು ಎದ್ದು ನಿಂತರು. ನಮ್ಮ ಕಡೆ ಮಗುವನ್ನು ದತ್ತು ಕೊಡುವುದು ಹೀಗೆಯೇ. ತೆಗೆದುಕೊಳ್ಳುವವಳ ಉಡಿ ತುಂಬಿ, ಹಿರಿಯರ ಎದುರಿಗೆ ಮಗುವನ್ನು ಆ ಉಡಿಯಲ್ಲಿ ಕೂಡಿಸುತ್ತಾರೆ. ಅಲ್ಲಿಗೆ ಹೆತ್ತವರ ಹಕ್ಕು ಮುಗಿಯಿತು. ಪಾಪ, ಆ ಹೆಂಗಸಿಗೆ ಇದೇನು ಗೊತ್ತು! ಅವ್ವನಿಗೂ ಅಂಥ ಯೋಚನೆ ಇರಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಬೆಚ್ಚಿ ನಿಂತದ್ದನ್ನು ನಾನು ಕಣ್ಣಾರೆ ನೋಡಿದೆ.

ಅಪ್ಪನ ತಾಯಿ, ನಮ್ಮ ಆಯಿ, ಎದೆ ಬಡಿದುಕೊಂಡು ಬೀದಿಗೆ ಓಡಿದಳು. ‘ಅಯ್ಯೋ, ಬಾರೋ! ನಿನ್ನ ಹೇಂತಿ ಮಗಳನ್ನ ಪರದೇಶದಾಕಿ ಉಡಿಗೆ ಹಾಕಿದ್ಲೋ!’

ಅಪ್ಪ ಚಹಾದ ಅಂಗಡಿಯಿಂದ ಬಂದ. ಒಳಗೆ ನುಗ್ಗಿ ಗೂಟದ ಕೊಕ್ಕೆಯನ್ನು ಕಿತ್ತುಕೊಂಡೇ ಹೊರಗೆ ಬಂದ. ಮೊದಲು ಅವ್ವನ ಹೊಟ್ಟೆಗೆ ಒದ್ದ. ಆಮೇಲೆ ನನ್ನ ಜಡೆ ಹಿಡಿದು ಎಳೆದ. ಆ ಹೆಂಗಸು ನನ್ನ ಸೊಂಟವನ್ನು ತಬ್ಬಿ ಹಿಡಿದಳು, ಬಿಡಲಿಲ್ಲ. ಅಪ್ಪ ಬೀಸಿದ ಕೊಕ್ಕೆ ಅವಳ ಮುಂಗೈಗೆ ಸಿಕ್ಕು ಮಾಂಸ ಸೀಳಿತು. ಹಳದಿ ತೋಳು ನೋಡನೋಡುತ್ತಿದ್ದಂತೆ ಕೆಂಪಾಯಿತು. ಈಗ ಅವಳು ಅಳಲಿಲ್ಲ. ಉಡಿಯಲ್ಲಿದ್ದ ತೆಂಗಿನಕಾಯಿ ತೆಗೆದು, ಎರಡೂ ಕೈಯಲ್ಲಿ ಎತ್ತಿ, ಅಪ್ಪನ ಹಣೆಗೆ ಅಪ್ಪಳಿಸಿದಳು. ಕಾಯಿ ಒಡೆಯಲಿಲ್ಲ, ಹಣೆ ಒಡೆಯಿತು. ಅವನು ಮಂಡಿಯೂರಿ ಕುಸಿದ. ಖುಷಿಯಾಯಿತು ನನಗೆ. ಇವತ್ತಿಗೂ ಅದನ್ನು ನೆನೆದರೆ ಖುಷಿಯೇ ಆಗುತ್ತದೆ, ಸುಳ್ಳೇಕೆ ಹೇಳಲಿ.

ಗಂಡಸರು ಅಪ್ಪನ ರಟ್ಟೆ ಹಿಡಿದು, ಕೊಕ್ಕೆ ಕಸಿದು ದೂರ ಎಸೆದರು. ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದ ಅಜ್ಜ ಅವ್ವನ ಮುಂದೆ ಬಂದು ನಿಂತ.

‘ಏನವಾ, ಮರ್ಯಾದಿಗೆ ಉಡಿ ತುಂಬಿದ್ಯೋ, ಹುಡುಗೀನ ಉಡಿಗೆ ಹಾಕಿದ್ಯೋ? ಖರೆ ಹೇಳು.’

ಮರ್ಯಾದೆಗೆ ಎಂದು ಅವ್ವ ಹೇಳಿದರೆ ನಾನು ಅಪ್ಪನ ಮಗಳೇ. ನಾಳೆಯೇ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳುತ್ತಿತ್ತು. ಅವ್ವ ನೆಲಕ್ಕೆ ಕೈಯೂರಿ ಎದ್ದಳು.

‘ಹಾಕೀನ್ರಿ ಯಜ್ಜಾ.’

ಅಪ್ಪ ಹಿಡಿದವರನ್ನು ಕೊಸರಿಕೊಂಡು ಬಂದು ಅವಳ ಬಾಯಿಗೆ ಗುದ್ದಿದ. ಅವ್ವ ಒಂದು ಹಲ್ಲನ್ನು ಅಂಗೈಗೆ ಉಗುಳಿಕೊಂಡಳು. ಅಜ್ಜ ಮತ್ತೆ ಕೇಳಿದ. ರಕ್ತದ ಬಾಯಲ್ಲೇ ಅವಳು ಮತ್ತೆ ಹೇಳಿದಳು, ‘ನಿಮ್ಮೆಲ್ಲಾರ ಎದುರಿಗೇ ಹಾಕೀನಿ. ಕೊಟ್ಟಾತು.’

‘ಆತು’ ಎಂದ ಅಜ್ಜ. ಅಪ್ಪನ ಕಡೆ ತಿರುಗಿ, ‘ಇನ್ನ ಆ ಕೂಸು ನಿಂದಲ್ಲಲೇ. ಕೈ ಎತ್ತಿದ್ರ ಊರು ನಿನ್ನ ಕೈ ಮುರೀತೈತಿ’ ಎಂದ. ಅವ್ವನ ಕೈ ಮುರಿಯುತ್ತಿದ್ದಾಗ ಇದೇ ಊರು ಎಲ್ಲಿತ್ತೋ, ಕೇಳುವ ವಯಸ್ಸು ನನ್ನದಲ್ಲ ಆಗ.

ಆ ಹೆಂಗಸು ಮುಂಗೈಗೆ ಖಣ ಸುತ್ತಿಕೊಂಡು, ಏನಾಯಿತು, ಇವರೆಲ್ಲ ಏನು ಮಾತಾಡಿದರು ಎಂದು ಅಕ್ಕೋರನ್ನು ಕೇಳುತ್ತಲೇ ಇದ್ದಳು. ‘ನಿಮಗೆ ಬಹಳ ದೊಡ್ಡ ಮರ್ಯಾದೆ ಮಾಡಿದರು’ ಎಂದಷ್ಟೇ ಅಕ್ಕೋರು ಹೇಳಿದರಂತೆ. ತನಗೊಬ್ಬ ಮಗಳಾದಳೆಂದು ತಿಳಿಯದೆಯೇ ಅವಳು ಆ ವಾರ ವಿಮಾನ ಹತ್ತಿದಳು.

ಅಂದು ನನ್ನನ್ನು ಹಾಸ್ಟೆಲ್ಲಿಗೆ ಕರೆದೊಯ್ಯಲು ಗಾಡಿ ಹತ್ತಿಸಿದರು. ಅದು ಚಾಲೂ ಆದಾಗ ನಾನು ಇಳಿದು ಓಡಿದೆ. ಅವ್ವನ ಕಾಲಿಗೆ ಜೋತುಬಿದ್ದು, ‘ನಾ ಒಲ್ಲೆ, ನಾ ಹೋಗಂಗಿಲ್ಲ, ನೀನೂ ಬಾ’ ಎಂದು ಕಿರುಚಿದೆ. ಕಟ್ಟೆಯ ಮೇಲಿಂದ ಹಿರಿಯರು ನೋಡುತ್ತಿದ್ದರು. ಅಪ್ಪ ಹಣೆಗೆ ಟವೆಲ್ಲು ಒತ್ತಿಕೊಂಡು ನೋಡುತ್ತಿದ್ದ. ಅವ್ವ ಒಮ್ಮೆ ಬಗ್ಗಿ ನನ್ನ ಕೂದಲು ಸರಿಮಾಡಿದ್ದರೂ ಸಾಕು, ಕೊಟ್ಟ ಮಾತು ಸುಳ್ಳೆಂದು ಊರಿಗೆಲ್ಲ ತಿಳಿಯುತ್ತಿತ್ತು. ಅವಳು ನನ್ನ ರಟ್ಟೆ ಹಿಡಿದು ಎಬ್ಬಿಸಿ, ಕೆನ್ನೆಗೆ ರಪ್ಪನೆ ಬಾರಿಸಿದಳು. ಹುಟ್ಟಿದಾಗಿನಿಂದ ಅವಳು ನನ್ನ ಮೇಲೆ ಕೈಮಾಡಿದವಳಲ್ಲ.

‘ನಾ ಯಾರ ನಿನಗ? ನಿಮ್ಮವ್ವ ಗಾಡ್ಯಾಗ ಕುಂತಾಳ, ನಡಿ!’

ಗಾಡಿ ಶಿರಹಟ್ಟಿ ದಾಟುವವರೆಗೂ ಅಕ್ಕೋರು ನನ್ನ ಕೆನ್ನೆಗೆ ಒದ್ದೆ ಕರವಸ್ತ್ರ ಒತ್ತಲು ಬರುತ್ತಲೇ ಇದ್ದರು. ನಾನು ಅವರ ಕೈ ಕಚ್ಚಿದೆ. ಆ ಉರಿ ಆರುವುದು ನನಗೆ ಬೇಕಿರಲಿಲ್ಲ.