ಆರು ಬೆರಳು ಆಳದ ಸಿಪ್ಪೆ

ಯಡ್ತರೆಯಲ್ಲಿ ಹುರಿಹಗ್ಗ ಬೇಕಾದವರು ಕುಷ್ಟನ ಮನೆಗೇ ಬರುತ್ತಿದ್ದರು. ಅವನು ಹೊಸೆದ ಹಗ್ಗ ಮೂರು ಮಳೆಗಾಲ ಬಾಳುತ್ತದೆ ಎಂಬ ಹೆಸರಿತ್ತು. ತೆಂಗಿನ ಸಿಪ್ಪೆಯನ್ನು ಹೊಳೆಯ ಉಪ್ಪುನೀರಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ನಾರು ತೆಗೆಯುವುದು ಮನೆತನದ ಕೆಲಸ. ಊರ ಸಿಹಿನೀರಿನ ಕೆರೆಗೆ, ಅಂದರೆ ಮದಗಕ್ಕೆ, ಸಿಪ್ಪೆ ಹಾಕಬಾರದೆಂದು ಅಜ್ಜನ ಕಾಲದಿಂದಲೂ ಕಟ್ಟುಪಾಡು.

೧೯೫೮ರಲ್ಲಿ ಅವನು ಅದನ್ನು ಮುರಿದ. ಕಾಲಿಗೆ ಗಾಯವಾಗಿತ್ತು, ಹೊಳೆ ದೂರ. ಮದಗದ ಆಳದ ಮೂಲೆಯಲ್ಲಿ, ತಾವರೆ ಎಲೆಗಳ ಅಡಿಗೆ, ಎರಡು ಸಾವಿರ ಸಿಪ್ಪೆ ಮುಳುಗಿಸಿ ಕಲ್ಲು ಹೇರಿದ. ಬೇಸಿಗೆಗೆ ನೀರು ಕಪ್ಪಾಗಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಜನ ಸೇರುವ ಮೊದಲೇ ಕುಷ್ಟ ರಾತ್ರೋರಾತ್ರಿ ಸಿಪ್ಪೆ ಎತ್ತಿ ಸಾಗಿಸಿದ್ದ. ಯಾರೋ ಮೀನಿಗೆಂದು ಕಾರೆಕಾಯಿ ಜಜ್ಜಿ ಹಾಕಿರಬೇಕು, ಆ ವಿಷಕ್ಕೇ ಸತ್ತಿವೆ ಎಂದರು ಊರವರು. ಆಗ ಕುಷ್ಟ ಒಂದೇ ಮಾತು ಹೇಳಿದ: ನೆರೆಮನೆಯ ತಿಮ್ಮಣ್ಣ ಹಾಡಿಯ ಕುರುಚಲು ಕಾಡಲ್ಲಿ ಕಾರೆಕಾಯಿ ಹೆಕ್ಕುವುದನ್ನು ನಾನು ಕಂಡಿದ್ದೇನೆ. ಮಾತು ಸುಳ್ಳಲ್ಲ, ತಿಮ್ಮ ದನದ ಮದ್ದಿಗೆ ಹೆಕ್ಕಿದ್ದ. ಅಂದಿನಿಂದ ಅವನು ಕಾರೆತಿಮ್ಮನಾದ. ವರ್ಷಕ್ಕೊಮ್ಮೆ ಊರೆಲ್ಲ ಮದಗಕ್ಕಿಳಿದು ಮೀನು ಹಿಡಿಯುವ ದಿನ ಅವನೊಬ್ಬನನ್ನು ಯಾರೂ ಕರೆಯುತ್ತಿರಲಿಲ್ಲ.

ಹನ್ನೆರಡು ವರ್ಷ ಕಳೆದು ಹರಿಣಾಕ್ಷಿ ಎಂಬ ಕಾಲೇಜಿನ ಉಪನ್ಯಾಸಕಿ ಉದ್ದದ ಕಬ್ಬಿಣದ ಕೊಳವೆ ಹೊರಿಸಿಕೊಂಡು ಬಂದರು. ಕೆರೆಯ ತಳದ ಮಣ್ಣಿನ ಪದರಗಳಲ್ಲಿ ಊರಿನ ಹಳೆಯ ಕಾಲವನ್ನು ಓದಬೇಕೆಂದು, ಎಂದೂ ಹೂಳು ತೆಗೆಯದ ಜಾಗ ಕೇಳಿದರು. ಊರವರು ತೋರಿಸಿದ್ದು ಅದೇ ಆಳದ ಮೂಲೆ. ಕೊಳವೆ ಒತ್ತಲು ಸಿಕ್ಕಿದವರು ಕುಷ್ಟ ಮತ್ತು ತಿಮ್ಮ.

"ಹ್ವಾಯ್ ಅಮ್ಮ, ಕಾರೆತಿಮ್ಮನ್ನ ನೀರಿಗಿಳಿಸ್ಬೇಡಿ, ಉಳ್ದ ಮೀನೂ ಸಾಯ್ತ್," ಎಂದು ದಡದಲ್ಲಿ ನೋಡುತ್ತ ನಿಂತಿದ್ದ ಊರವರ ನಡುವಿನಿಂದ ಚಂದು ಕೂಗಿದ. ಎಲ್ಲರೊಂದಿಗೆ ಕುಷ್ಟನೂ ನಕ್ಕ. ನಕ್ಕು ಅಭ್ಯಾಸವಾಗಿತ್ತು.

ಮೂರು ಮೊಳ ಉದ್ದದ ಕೆಸರಿನ ಕಂಬವನ್ನು ಕೊಳವೆಯಿಂದ ಹೊರತೆಗೆದು ಅಡಿಕೆ ಹಾಳೆಗಳ ಮೇಲೆ ಮಲಗಿಸಿದರು. ಕೆಳಗಿನಿಂದ ಓದಬೇಕು ಎಂದರು ಹರಿಣಾಕ್ಷಿ. ಬುಡದಲ್ಲಿ ಇದ್ದಿಲ ಚೂರುಗಳಿದ್ದವು: ಬೇಸಾಯಕ್ಕೆಂದು ಮೊದಲು ಬಂದವರು ಕಾಡು ಸುಟ್ಟಿರಬೇಕು. ಅದರ ಮೇಲೆ ಗುಡ್ಡದಿಂದ ತೊಳೆದು ಬಂದ ಕೆಂಪು ಮಣ್ಣು. ಹೆಸರೂ ಉಳಿಯದ ಜನರ ಬೆಂಕಿ ಇನ್ನೂ ಇಲ್ಲಿದೆಯಲ್ಲ ಎಂದು ಕುಷ್ಟ ಬೆರಗಾದ. ಅಷ್ಟರಲ್ಲಿ ಕೆಸರು ಸೀಳುತ್ತಿದ್ದ ಅವರ ಚಾಕು ಮೇಲ್ತುದಿಗೆ ಇನ್ನು ಆರು ಬೆರಳು ಇರುವಾಗ ನಿಂತಿತು. ಅಲ್ಲೊಂದು ಕಪ್ಪು ಪಟ್ಟಿ, ತುಂಬ ನಾರು, ಮೇಲೆ ಮೀನಿನ ಹುರುಪೆ.

ಇಲ್ಲಿ ಯಾರೋ ಸಿಪ್ಪೆ ಕೊಳೆಹಾಕಿದ್ದಾರೆ, ನೀರು ಉಸಿರುಗಟ್ಟಿ ಮೀನು ಸತ್ತಿವೆ ಎಂದರು ಅವರು. ಯಾವ ವರ್ಷವೆಂದು ಗೊತ್ತಾದರೆ ವರ್ಷಕ್ಕೆ ಮಣ್ಣು ಎಷ್ಟು ಕೂರುತ್ತದೆಂದು ಲೆಕ್ಕ ಹಾಕಬಹುದು, ನೆನಪಿದೆಯೇ?

ತಿಮ್ಮ ಒಂದು ಎಳೆ ನಾರು ಎಳೆದು ಬೆರಳಲ್ಲಿ ಹೊಸೆದು ನೋಡುತ್ತಿದ್ದ.

"ನಂಗೆ ಗೊತ್ತಿಲ್ಲೆ," ಎಂದ ಕುಷ್ಟ.

'ವರ್ಷ ತಿಳಿಯದು' ಎಂದು ಅವರು ಬರೆದುಕೊಂಡರು.

ಕಾಲು ತೊಳೆಯುವಾಗ ಕುಷ್ಟ ಬಾಯಿ ತೆರೆದ. "ತಿಮ್ಮಣ್ಣ, ಅದ್..."

"ನನ್ಹತ್ರ ಎಂತಕ್ಕೆ ಹೇಳ್ತೆ?" ತಿಮ್ಮ ತಲೆ ಎತ್ತಲಿಲ್ಲ. "ನಾರ್ ಕಂಡಾಗ್ಳೇ ನಂಗೆ ಗೊತ್ತಾಯ್ತ್. ಅಮ್ಮ ಬರ್ಕಂಡದ್ದ್ ತಪ್ಪಿತ್ತಲ್ದಾ, ಅದನ್ನ ಸರಿ ಮಾಡ್ಸ್."

ಕುಷ್ಟ ದಡ ಹತ್ತಿ ಹೋದ. ಐವತ್ತೆಂಟು ಎಂದ. ಹರಿಣಾಕ್ಷಿ ಸಂತೋಷದಿಂದ ಹಿಂದಿನ ಸಾಲು ಹೊಡೆದುಹಾಕಿದರು. ಹನ್ನೆರಡು ವರ್ಷಕ್ಕೆ ಆರು ಬೆರಳು, ಅಂದರೆ ವರ್ಷಕ್ಕೆ ಅರ್ಧ ಬೆರಳು ಮಣ್ಣು. ಗುಡ್ಡದಲ್ಲಿ ಕಾಡಿದ್ದಾಗ ಇನ್ನೂ ನಿಧಾನ ಇದ್ದಿರಬೇಕು. ಇಂಥ ಒಂದು ಖಚಿತ ವರ್ಷ ಸಿಗುವುದೇ ಅಪರೂಪ, ದೊಡ್ಡ ಉಪಕಾರವಾಯಿತು ಎಂದರು. ಆ ಉಪಕಾರದ ಮಾತು ಕುಷ್ಟನಿಗೆ ಹೊಡೆತಕ್ಕಿಂತ ಹೆಚ್ಚು ತಾಗಿತು.

"ಹಾಕದ್ದ್ ನಾನೇ, ಅಮ್ಮ. ತಿಮ್ಮಣ್ಣ ಎಂತದೂ ಮಾಡ್ಲಿಲ್ಲ."

ದಡದಲ್ಲಿದ್ದವರೆಲ್ಲ ಕೇಳಿಸಿಕೊಂಡರು. ತುಸು ಹೊತ್ತಿನ ಮೇಲೆ ಚಂದು, ಕೊಳವೆ ಎತ್ತಲು ಕೈ ಬೇಕಾಗಿ, ನೀರಿನ ಕಡೆ ತಿರುಗಿ ಕೂಗಿದ: "ಹ್ವಾಯ್, ಕಾರೆತಿಮ್ಮ, ಬಾ ಇಲ್ಲಿ."

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ತಿಮ್ಮ ಮಾತ್ರ ಆ ಹೆಸರಿಗೆ ಓಗೊಟ್ಟು ಎದ್ದು ಬಂದ. ಕುಷ್ಟ ಕೊಳವೆಯ ಇನ್ನೊಂದು ತುದಿ ಹಿಡಿದು, ಅವನ ಮುಖ ನೋಡಲಾರದೆ, ಕೆಸರು ಮೆತ್ತಿದ ತನ್ನ ಕೈಗಳನ್ನೇ ನೋಡುತ್ತ ನಡೆದ.